ಎರಡನೇ ಶನಿವಾರದ ಬೀಚು

ಅಂಬತ್ತೂರು
2 ಮಾರ್ಚ್ 2025

ನಿಖಿತಾಳಿಗೆ,

ಫೋನು ಬೇಡ, ವಾಟ್ಸ್‌ಆಪ್ ಬೇಡ, ಏನಿದ್ದರೂ ಬರಹದಲ್ಲಿರಲಿ ಎಂದು ನಿನ್ನ ವಕೀಲರು ಹೇಳಿದ್ದಾರಲ್ಲ, ಹಾಗೇ ಆಗಲಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಒಂದೇ ಮದರಾಸಿನಲ್ಲಿದ್ದುಕೊಂಡು ಮೊಮ್ಮಗಳ ವಿಷಯಕ್ಕೆ ಅಂಚೆ ಕಚೇರಿಯಲ್ಲಿ ಸಾಲು ನಿಲ್ಲಬೇಕಾಯಿತು. ಚೆನ್ನಾಗಿದೆ.

ನೀನೂ ನನ್ನ ಮಗ ಶ್ರೀಕಾಂತನೂ ಬೇರೆಯಾಗಿ ಎರಡು ವರ್ಷವಾಯಿತು. ಕೋರ್ಟಿನ ಆದೇಶದಂತೆ ಬೇಸಿಗೆ ರಜೆಯಲ್ಲಿ ಹತ್ತು ದಿನ ನಿಮ್ಮ ಮಗಳು ಮೌನ ನನ್ನ ಹತ್ತಿರ ಇರಬೇಕು. ಹೋದ ವರ್ಷ ಆ ಹತ್ತು ದಿನವೂ ಮಗು ನಮ್ಮ ಹಾಲಿನಲ್ಲಿ ಟೀವಿ ಮುಂದೆ ಕೂತೇ ಕಳೆಯಿತು. ಈ ವರ್ಷ ಅವಳನ್ನು ಅಂಡಮಾನಿಗೆ ಕರೆದುಕೊಂಡು ಹೋಗುತ್ತೇನೆ. ವಿಮಾನದಲ್ಲಿ ಎರಡೂಕಾಲು ಗಂಟೆ ದಾರಿ. ದ್ವೀಪ, ಬಿಳಿ ಮರಳು, ಬೀಚು. ಊರು ಬಿಟ್ಟು ಕರೆದೊಯ್ಯಲು ನಿನ್ನ ಸಹಿ ಬೇಕಂತೆ. ನನ್ನ ಮೊಮ್ಮಗಳಿಗೆ ಸಮುದ್ರ ತೋರಿಸಲು ನಿನ್ನ ಸಹಿ!

ಕಳೆದ ಭಾನುವಾರ ನೀನು ಅವಳ ಕೈಗೆ ಫೋನು ಕೊಟ್ಟಾಗ ಅವಳು ಹೇಳಿದ್ದು ಕೇಳಿಸಿಕೊಂಡೆಯೋ ಇಲ್ಲವೋ. ನಾನು ಕನ್ನಡದಲ್ಲಿ ಕೇಳಿದರೆ ಅದು ತಮಿಳಿನಲ್ಲಿ ಉತ್ತರ ಕೊಡುತ್ತದೆ: "ಎಲ್ಲಾರುಂ ಬೀಚ್ ಪೋಯಿಟ್ಟಾಂಗ ಪಾಟಿ, ನಾ ಮಟ್ಟುಂ ಪೋಗಲೆ." ಎಲ್ಲರೂ ಹೋಗಿದ್ದಾರೆ ಅಜ್ಜಿ, ನಾನೊಬ್ಬಳೇ ಹೋಗಿಲ್ಲ. ಶೋಳಿಂಗನಲ್ಲೂರಿನಲ್ಲಿ ಮನೆ ಮಾಡಿ, ಸಮುದ್ರ ಕೂಗಳತೆಯಲ್ಲಿದ್ದರೂ ಏಳು ವರ್ಷದ ಮಗುವಿಗೆ ಬೀಚು ತೋರಿಸದ ತಾಯಿ ಮದರಾಸಿನಲ್ಲಿ ನೀನೊಬ್ಬಳೇ ಇರಬೇಕು.

ಅಂಡಮಾನಿನಲ್ಲಿ ಕಾರ್ಬಿನ್ಸ್ ಕೋವ್, ವಂಡೂರ್, ಚಿಡಿಯಾ ಟಾಪು ಬೀಚುಗಳನ್ನು ನೋಡೋಣ ಎಂದಿದ್ದೇನೆ. ಸಹಿ ಹಾಕಿ ಕಳಿಸು.

ಮೌನಳ ಅಜ್ಜಿ,
ಉಷಾ


ಶೋಳಿಂಗನಲ್ಲೂರ್
11 ಮಾರ್ಚ್ 2025

ಉಷಾ ಅವರಿಗೆ,

ಪತ್ರ ತಲುಪಿತು. ಸಹಿ ಹಾಕುವುದಿಲ್ಲ.

ಕಾರಣ ನಿಮಗೆ ಗೊತ್ತಿದ್ದರೂ, ಬರಹದಲ್ಲಿರಲಿ ಎಂದು ಬರೆಯುತ್ತೇನೆ. ಮೂರು ವರ್ಷದ ಹಿಂದೆ ನಿಮ್ಮ ಮಗ ಮೌನಳನ್ನು ನೀಲಾಂಕರೈ ಬೀಚಿಗೆ ಕರೆದುಕೊಂಡು ಹೋದರು. ಆಗ ಅವಳಿಗೆ ನಾಲ್ಕು ವರ್ಷ, ಈಗ ಅವಳಿಗದು ನೆನಪಿಲ್ಲ. ಮಗುವನ್ನು ಮರಳಿನ ಮೇಲೆ ಬಿಟ್ಟು, ಫೋನು ಬಂತೆಂದು ಕಾರಿಗೆ ಹೋಗಿ ಎಸಿ ಹಾಕಿಕೊಂಡು ಕೂತರು. ಐವತ್ತು ನಿಮಿಷ. ಮೀನು ಮಾರುವ ಹೆಂಗಸೊಬ್ಬಳು ಅಲೆಯೊಳಗಿಂದ ಅವಳನ್ನು ಫ್ರಾಕು ಹಿಡಿದು ಎಳೆದು ಹಾಕಿದಳು. ನಾನು ಆಫೀಸಿನಿಂದ ಓಡಿ ಬಂದಾಗ ಮೌನ ಆ ಹೆಂಗಸಿನ ಸೀರೆಯೊಳಗೆ ನಡುಗುತ್ತಾ ಕೂತಿದ್ದಳು. ಅಲ್ಲಿ ಇದ್ದವರು ಅವಳು, ಆ ಹೆಂಗಸು, ನಿಮ್ಮ ಮಗ. ಇನ್ಯಾರೂ ಇರಲಿಲ್ಲ.

ನೀವು ಮಾತ್ರ ಕೋರ್ಟಿನಲ್ಲಿ ನಿಂತು, "ನಾನೂ ಜೊತೆಗಿದ್ದೆ, ಮಗು ನನ್ನ ಕಣ್ಣೆದುರಿಗೇ ಇತ್ತು, ಸೊಸೆ ಇಲ್ಲದ್ದು ಹೇಳುತ್ತಿದ್ದಾಳೆ" ಎಂದಿರಿ. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಆ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ.

ಇನ್ನು ನಿಮ್ಮ ಬೀಚುಗಳು. ವಂಡೂರಿನಲ್ಲಿ ಮೊಸಳೆ ಎಚ್ಚರಿಕೆಯ ಫಲಕವಿದೆ, ನೀರಿಗೆ ಬಲೆ ಕಟ್ಟಿದ್ದಾರೆ. ಚಿಡಿಯಾ ಟಾಪುವಿಗೆ ಜನ ಹೋಗುವುದು ಸೂರ್ಯಾಸ್ತ ನೋಡಲು, ಮಗುವನ್ನು ನೀರಿಗಿಳಿಸಲು ಅಲ್ಲ. ಇವನ್ನೆಲ್ಲ ನೋಡಿ ಆರಿಸಿದಿರೋ, ಕಣ್ಣು ಮುಚ್ಚಿ ಆರಿಸಿದಿರೋ?

ನಿಖಿತಾ


ಅಂಬತ್ತೂರು
17 ಮಾರ್ಚ್ 2025

ನಿಖಿತಾಳಿಗೆ,

"ಉಷಾ ಅವರಿಗೆ"! ಎಂಟು ವರ್ಷ ಅತ್ತೆ ಅತ್ತೆ ಎಂದ ಬಾಯಿ. ಇರಲಿ. ನಿನ್ನಿಂದ ಆ ಮಾತು ನನಗೂ ಬೇಕಾಗಿಲ್ಲ.

ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕ್ಲೇಮು ವಿಭಾಗದಲ್ಲಿ ಕೂತು ಬಂದವಳು ನಾನು. ಸತ್ತವರ ದಿನಾಂಕ ತಿದ್ದಿದವರು, ಇಲ್ಲದ ಕಾಯಿಲೆ ತಂದವರು, ಇದ್ದ ಕಾಯಿಲೆ ಮುಚ್ಚಿಟ್ಟವರು, ಎಲ್ಲರನ್ನೂ ನೋಡಿದ್ದೇನೆ. ಮದರಾಸಿನ ಅಷ್ಟು ಏಜೆಂಟರೂ ನನ್ನ ಮೇಜಿಗೆ ಬರಲು ಹೆದರುತ್ತಿದ್ದರು. ನನಗೆ ಸುಳ್ಳು, ನಿಜದ ಪಾಠ ಹೇಳಲು ಬರಬೇಡ. ಆ ದಿನ ನಾನು ಅಲ್ಲಿದ್ದೆ. ನೀನು ಬರುವುದಕ್ಕೆ ಸ್ವಲ್ಪ ಮೊದಲು ಆಟೋ ಹಿಡಿದು ಮನೆಗೆ ಬಂದೆ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ್ದೇನೆ. ಮುಗಿಯಿತು.

ಮಗುವನ್ನು ಸಾಯಿಸಲು ಕರೆದುಕೊಂಡು ಹೋಗುತ್ತಿದ್ದೇನೆ ಎನ್ನುವ ಹಾಗೆ ಬರೆದಿದ್ದೀಯಲ್ಲ, ಓದಿ ಮೈಯೆಲ್ಲ ಉರಿದುಹೋಯಿತು. ಅವಳು ಹುಟ್ಟಿದಾಗ ಮೂರು ತಿಂಗಳು ಎಣ್ಣೆ ಹಚ್ಚಿ ನೀರು ಹಾಕಿದವಳು ನಾನು. ನೀನು ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಮೀಟಿಂಗಿನಲ್ಲಿದ್ದೆ.

ನನ್ನ ಆಯ್ಕೆ ಹಿಡಿಸಲಿಲ್ಲವೆಂದರೆ ಯಾವ ಬೀಚು ಒಳ್ಳೆಯದು ಎಂದು ಮಹಾರಾಣಿಯವರೇ ಅಪ್ಪಣೆ ಕೊಡಿಸಬಹುದು. ಸುಮ್ಮನೆ ಬೇಡ ಬೇಡ ಎನ್ನಲು ಯಾರಿಗೂ ಬುದ್ಧಿ ಬೇಕಿಲ್ಲ.

ಉಷಾ


ಶೋಳಿಂಗನಲ್ಲೂರ್
29 ಮಾರ್ಚ್ 2025

ಉಷಾ ಅವರಿಗೆ,

ನಿಮಗೋಸ್ಕರ ಅಲ್ಲ, ಮೌನಳಿಗೋಸ್ಕರ ಬರೆಯುತ್ತಿದ್ದೇನೆ.

ಮೊನ್ನೆ ಅವಳ ಕ್ಲಾಸಿನ ಅನಿಕೇತ್ ಅಂಡಮಾನಿನಿಂದ ತಂದ ಫೋಟೊಗಳನ್ನು ಎಲ್ಲರಿಗೂ ತೋರಿಸಿದನಂತೆ. ಇವಳು ಮನೆಗೆ ಬಂದು, "ಅಮ್ಮಾ, ಪಾಟಿ ಜೊತೆ ನಾನೂ ಹೋಗ್ತೀನಿ ಅಲ್ವಾ?" ಎಂದು ಕನ್ನಡದಲ್ಲೇ ಕೇಳಿದಳು. ಏನಾದರೂ ಬೇಕೇಬೇಕು ಎನ್ನಿಸಿದಾಗ ಮಾತ್ರ ಅವಳಿಗೆ ಕನ್ನಡ ಬರುತ್ತದೆ. ನನಗೆ ಇಲ್ಲ ಎನ್ನಲಾಗಲಿಲ್ಲ.

ಒಪ್ಪುತ್ತೇನೆ. ಆದರೆ ಬೀಚು ನಾನು ಹೇಳಿದ್ದೇ ಆಗಬೇಕು.

ನೀಲ್ ದ್ವೀಪದ ಭರತ್‌ಪುರ ಬೀಚು. ಅಲ್ಲಿ ತುಂಬ ದೂರದವರೆಗೂ ನೀರು ಮೊಣಕಾಲಿನಷ್ಟೇ ಇರುತ್ತದೆ. ಎರಡು ದಿನ ಅಲ್ಲಿ. ಹ್ಯಾವ್‌ಲಾಕ್ ದ್ವೀಪದ ರಾಧಾನಗರ ಬೀಚಿಗೆ ಒಂದು ದಿನ, ಕಾವಲಿನವರು ಇರುವ ಹೊತ್ತಿನಲ್ಲಿ ಮಾತ್ರ. ಕಾಲಾಪತ್ಥರ್ ಬೇಡ, ಕಲ್ಲು ಜಾಸ್ತಿ. ಲಕ್ಷ್ಮಣಪುರ ಬೇಡ, ಇಳಿತದಲ್ಲಿ ಹವಳ ಕಾಲು ಕುಯ್ಯುತ್ತದೆ. ನೀರಿಗಿಳಿದಾಗ ಅವಳ ಕೈ ನಿಮ್ಮ ಕೈಯಲ್ಲಿರಬೇಕು. ಫೋನು ರೂಮಿನಲ್ಲಿ ಬಿಟ್ಟು ಹೋಗಬೇಕು.

ಇದಕ್ಕೆ ಒಪ್ಪಿಗೆ ಎಂದರೆ ಯಾವ ದಿನ ಎಲ್ಲಿ ಎಂದು ಪಟ್ಟಿ ಮಾಡಿ ಕಳಿಸಿ. ಸಹಿ ಹಾಕುತ್ತೇನೆ.

ನಿಖಿತಾ


ಅಂಬತ್ತೂರು
3 ಏಪ್ರಿಲ್ 2025

ನಿಖಿತಾಳಿಗೆ,

ಕೊನೆಗೂ ಕಲ್ಲು ಕರಗಿತಲ್ಲ, ಸಂತೋಷ.

ಆದರೆ ನೀಲ್, ಹ್ಯಾವ್‌ಲಾಕ್ ಆಗುವುದಿಲ್ಲ. ಪೋರ್ಟ್ ಬ್ಲೇರಿನಿಂದ ಅಲ್ಲಿಗೆ ಮತ್ತೆ ದೋಣಿ ಹತ್ತಬೇಕು. ನನಗೆ ದೋಣಿಯಲ್ಲಿ ವಾಂತಿ ಬರುತ್ತದೆ. ದೋಣಿಯ ಟಿಕೆಟ್ಟೂ ಸಿಗುವುದಿಲ್ಲವಂತೆ. ಮತ್ತೆ ಅಲ್ಲಿಯ ಊಟ ಹೇಗೋ ಏನೋ. ಮಗುವಿಗೆ ಮೊಸರನ್ನ ಸಿಗದಿದ್ದರೆ ಹಟ ಮಾಡುತ್ತದೆ. ನಾವು ಪೋರ್ಟ್ ಬ್ಲೇರಿನಲ್ಲೇ ಉಳಿದು, ದಿನಾ ಬೀಚು ನೋಡಿ ಸಾಯಂಕಾಲಕ್ಕೆ ರೂಮಿಗೆ ಬರುತ್ತೇವೆ. ಮೊಸಳೆ ಇರುವ ಕಡೆ ನೀರಿಗೆ ಬಿಡಲು ನನಗೇನು ಹುಚ್ಚೇ? ಮರಳಿನಲ್ಲಿ ಆಡಿಕೊಳ್ಳಲಿ.

ನೀನು ಕೇಳಿದ ಹಾಗೆ ಪಟ್ಟಿ ಮಾಡಿದ್ದೇನೆ. ಕಚೇರಿಯಲ್ಲಿ ಮಾಡುತ್ತಿದ್ದ ಹಾಗೇ, ತಾರೀಖು, ವಾರ, ಜಾಗ ಸಮೇತ.

ಮೇ 9, ಶುಕ್ರವಾರ: ತಲುಪುವುದು, ವಿಶ್ರಾಂತಿ.
ಮೇ 10, ಶನಿವಾರ: ಕಾರ್ಬಿನ್ಸ್ ಕೋವ್, ಇಡೀ ದಿನ.
ಮೇ 11, ಭಾನುವಾರ: ವಂಡೂರ್, ಇಡೀ ದಿನ.
ಮೇ 12, ಸೋಮವಾರ: ಚಿಡಿಯಾ ಟಾಪು, ಇಡೀ ದಿನ.
ಮೇ 13, ಮಂಗಳವಾರ: ಮ್ಯೂಸಿಯಂ.
ಮೇ 14, ಬುಧವಾರ: ವಿಶ್ರಾಂತಿ, ಅಂಗಡಿ.
ಮೇ 15, ಗುರುವಾರ: ವಾಪಸ್.

ವಿಮಾನದ ಟಿಕೆಟ್ ಆಗಿದೆ. ಇನ್ನು ನಿನ್ನ ಸಹಿಯೊಂದು ಬಾಕಿ. ಶ್ರೀಕಾಂತ ಎಲ್ಲಿ ಎಂದು ನಿನ್ನ ಮನಸ್ಸಿನಲ್ಲಿ ಬಂದಿರಬಹುದು. ಅವನಿಗೆ ಹೋದ ವರ್ಷವೇ ಕೋಲ್ಕತ್ತಾ ಕಡೆಗೆ ಟ್ರಾನ್ಸ್‌ಫರ್ ಆಯಿತು. ಅವನ ಗೊಡವೆ ನಿನಗೆ ಬೇಡ.

ಉಷಾ


ಶೋಳಿಂಗನಲ್ಲೂರ್
9 ಏಪ್ರಿಲ್ 2025

ಉಷಾ ಅವರಿಗೆ,

ಕ್ಲೇಮು ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದವರು ಇಂಥ ಪಟ್ಟಿ ಬರೆದು ಕಳಿಸಬಾರದಿತ್ತು.

ನಾನು ಎಂಟು ವರ್ಷ ಬ್ಯಾಂಕಿನವರ ಹೆಂಡತಿಯಾಗಿದ್ದವಳು. ಎರಡನೇ ಶನಿವಾರ ಯಾವುದು ಎಂದು ಕ್ಯಾಲೆಂಡರು ನೋಡದೆ ಹೇಳುತ್ತೇನೆ. ನಮ್ಮ ಸಂಸಾರವೇ ಎರಡನೇ, ನಾಲ್ಕನೇ ಶನಿವಾರಗಳ ಮೇಲೆ ನಡೆಯುತ್ತಿತ್ತು. ಮೇ ಹತ್ತು ಎರಡನೇ ಶನಿವಾರ. ಹನ್ನೊಂದು ಭಾನುವಾರ. ಹನ್ನೆರಡು ಬುದ್ಧ ಪೂರ್ಣಿಮೆ. ಬ್ಯಾಂಕಿಗೆ ಮೂರು ದಿನ ರಜೆ, ನಿಮಗೆ ಮೂರು ದಿನ ಬೀಚು. ಬ್ಯಾಂಕು ತೆರೆದ ತಕ್ಷಣ ನಿಮಗೆ ವಿಶ್ರಾಂತಿ, ಮ್ಯೂಸಿಯಂ, ಅಂಗಡಿ!

ಅಂಡಮಾನಿಗೆ ಹೋಗಿ ಹ್ಯಾವ್‌ಲಾಕ್ ನೋಡದೆ ಬರುವವರು ಯಾರಿದ್ದಾರೆ? ಮಗು ಆಡಬಹುದಾದ ಬೀಚು ಬಿಟ್ಟು, ಮೊಸಳೆ ಬೋರ್ಡಿನ ಬೀಚಿಗೆ ಯಾಕೆ ಹಟ ಹಿಡಿದಿರಿ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಪಟ್ಟಿಯ ತಾರೀಖು ಕಣ್ಣಿಗೆ ಬಿದ್ದ ಮೇಲೆ ನಿಮ್ಮ ಮಗನ ಬ್ಯಾಂಕಿನ ಪೋರ್ಟ್ ಬ್ಲೇರ್ ಶಾಖೆಗೆ ಫೋನು ಮಾಡಿದೆ. "ಶ್ರೀಕಾಂತ್ ಸರ್ ಊಟಕ್ಕೆ ಹೋಗಿದ್ದಾರೆ" ಎಂದರು. ಕೋಲ್ಕತ್ತಾ ಕಡೆಯಂತೆ!

ನನ್ನ ಎದುರಿನಲ್ಲಲ್ಲದೆ ಅವರು ಮೌನಳನ್ನು ನೋಡುವಂತಿಲ್ಲ ಎಂದು ಕೋರ್ಟು ಹೇಳಿದೆ. ಹಾಗೆ ನೋಡಲು ಎರಡು ವರ್ಷದಲ್ಲಿ ಬಂದದ್ದು ಮೂರು ಸಲ. ಆ ಮನುಷ್ಯನ ಕೈಗೆ, ಅದೂ ಸಮುದ್ರದ ದಡದಲ್ಲಿ, ನನ್ನ ಮಗಳನ್ನು ಕೊಡಲು ಹೊರಟಿದ್ದಿರಿ. ನನ್ನ ಕಣ್ಣಿಗೆ ಮಣ್ಣೆರಚಿ. ಅವಳ ಆಸೆಯನ್ನೇ ಹಿಡಿದುಕೊಂಡು. ನಾಚಿಕೆಯಾಗಬೇಕು ನಿಮಗೆ.

ಸಹಿ ಇಲ್ಲ. ಹತ್ತು ದಿನ ಅಂಬತ್ತೂರಿನ ಮನೆಯಲ್ಲಿ, ಮೇ ಇಪ್ಪತ್ತೆರಡರಿಂದ. ಮೌನಳಿಗೆ ಪ್ರವಾಸ ಇಲ್ಲ ಎಂದು ನಾನೇ ಹೇಳಿದೆ. ಅತ್ತು ಅತ್ತು ಜ್ವರ ಬಂದಿದೆ. ಅದನ್ನೂ ನಿಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಿ.

ನಿಖಿತಾ


ಅಂಬತ್ತೂರು
12 ಏಪ್ರಿಲ್ 2025

ನಿಖಿತಾ,

ಹೌದು. ಅವನು ಅಲ್ಲೇ ಇದ್ದಾನೆ. ಹೌದು, ಅವನಿಗೆ ರಜೆ ಇರುವ ದಿನ ನೋಡಿಯೇ ಬೀಚು ಆರಿಸಿದೆ. ಏನೀಗ?

ಅವನು ನನ್ನ ಮಗ. ಒಬ್ಬನೇ ಮಗ. ನಿನ್ನ ಮುಂದೆ ಗುಮಾಸ್ತನ ಹಾಗೆ ಕೈಕಟ್ಟಿ ನಿಂತು ಮಗಳನ್ನು ನೋಡಬೇಕು ಎಂದರೆ ಯಾವ ಗಂಡಸು ಬರುತ್ತಾನೆ? ಮೂರು ದಿನ ಅಪ್ಪ, ಮಗಳು ಮರಳಿನಲ್ಲಿ ಕೂತು ಆಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಾನು ಪಕ್ಕದಲ್ಲೇ ಇರುತ್ತಿರಲಿಲ್ಲವೇ? ಒಂದು ತಪ್ಪಿಗೆ ಎಷ್ಟು ವರ್ಷ ಶಿಕ್ಷೆ? ನೀನು ಜಡ್ಜಿಗಿಂತ ದೊಡ್ಡವಳಾಗಿಬಿಟ್ಟೆ.

ಮಗುವಿಗೆ ಜ್ವರ ಎಂದು ಬರೆದು ನನ್ನನ್ನು ಚುಚ್ಚಿದ್ದೀಯ. ಸರಿಯಾದ ಜಾಗಕ್ಕೇ ಚುಚ್ಚಿದ್ದೀಯ. ಕಾಗದ ಬಂದಾಗಿನಿಂದ ಅನ್ನ ಇಳಿಯುತ್ತಿಲ್ಲ. ಜ್ವರ ಇಳಿಯಿತೋ ಇಲ್ಲವೋ ಒಂದು ಸಾಲು ಬರೆಯುವ ಮನುಷ್ಯತ್ವ ನಿನಗಿಲ್ಲ ಎಂದು ಗೊತ್ತು.

ನನ್ನ ಟಿಕೆಟ್ ಇದೆ. ನಾನು ಹೋಗುತ್ತೇನೆ. ಮಗನನ್ನು ನೋಡಲು ಯಾರ ಸಹಿಯೂ ಬೇಕಿಲ್ಲ.

ಉಷಾ


ಅಂಬತ್ತೂರು
16 ಮೇ 2025

ನಿಖಿತಾಳಿಗೆ,

ಹೋಗಿ ಬಂದೆ. ನಿನಗೆ ವರದಿ ಒಪ್ಪಿಸುವ ಕರ್ಮ ನನಗೇನಿಲ್ಲ. ಆದರೂ ಬರೆಯದಿದ್ದರೆ ನನಗೆ ಉಳಿಗಾಲವಿಲ್ಲ.

ಶನಿವಾರ ಕಾರ್ಬಿನ್ಸ್ ಕೋವಿನಲ್ಲಿ ಬೆಳಿಗ್ಗೆ ಒಂಬತ್ತರಿಂದ ಕೂತೆ. ಚಕ್ಕುಲಿ, ಹುರಿಗಾಳು, ಅವನಿಗೆ ಇಷ್ಟವೆಂದು ಪುಳಿಯೋಗರೆ ಕಟ್ಟಿಕೊಂಡಿದ್ದೆ. ಹನ್ನೊಂದಕ್ಕೆ ಬರುತ್ತೇನೆ ಎಂದವನು ಬರಲಿಲ್ಲ. ಫೋನು ಎತ್ತಲಿಲ್ಲ. ಐದೂವರೆಗೆ ಅಲ್ಲಿ ಕತ್ತಲಾಗುತ್ತದೆ. ಪುಳಿಯೋಗರೆಯನ್ನು ಆಟೋದವನಿಗೆ ಕೊಟ್ಟೆ.

ಭಾನುವಾರ ವಂಡೂರಿಗೆ ಮಧ್ಯಾಹ್ನ ಮೂರಕ್ಕೆ ಬಂದ. ಮೈಕೈ ತುಂಬಿಕೊಂಡಿದ್ದಾನೆ. ಕೂತ. ಮೌನಳ ಫೋಟೊ ತೋರಿಸಿದೆ, "ದೊಡ್ಡವಳಾಗಿದ್ದಾಳೆ" ಎಂದ. ಎಷ್ಟನೇ ಕ್ಲಾಸು ಎಂದು ಕೇಳಲಿಲ್ಲ. ಅವಳಿಗೆ ಜ್ವರ ಬಂದಿತ್ತು ಎಂದೆ. "ಹೂಂ" ಎಂದ, ಫೋನು ನೋಡುತ್ತಾ.

ನನಗೆ ತಡೆಯಲಿಲ್ಲ. "ಅಲ್ವೋ, ಮೂರು ವರ್ಷ ಆಯ್ತು, ನನ್ನ ಹತ್ರಾನೂ ಒಂದು ದಿನ ನೀನು ಬಾಯಿ ಬಿಟ್ಟು ಹೇಳ್ಲಿಲ್ಲ. ಅವತ್ತು ಮಗೂನ ಹಾಗೆ ಬಿಟ್ಟು ಹೋಗೋಕೆ ನಿನಗೆ ಹೇಗೋ ಮನಸ್ಸು ಬಂತು?" ಎಂದು ಕೇಳಿಯೇಬಿಟ್ಟೆ.

ಅವನು ಫೋನಿನಿಂದ ತಲೆಯೆತ್ತಿ ನನ್ನನ್ನೇ ನೋಡಿದ. "ಏನಮ್ಮ ಹೀಗೆ ಕೇಳ್ತೀಯ? ನೀನೇ ಜೊತೇಲಿದ್ದೆಯಲ್ಲ. ನೀನು ನೋಡ್ಕೋಬೇಕಿತ್ತು" ಎಂದ.

ತಮಾಷೆಗೆ ಹೇಳಲಿಲ್ಲ ನಿಖಿತಾ. ನಗಲಿಲ್ಲ. ನಂಬಿಕೊಂಡೇ ಹೇಳಿದ. ಅವನನ್ನು ಉಳಿಸಲು ನಾನು ಹೇಳಿದ ಸುಳ್ಳನ್ನು ಅವನು ನಿಜ ಮಾಡಿಕೊಂಡು ಹಾಯಾಗಿದ್ದಾನೆ. ತಪ್ಪು ನನ್ನದಂತೆ. ನಾನು ಸರಿಯಾಗಿ ನೋಡಿಕೊಳ್ಳಲಿಲ್ಲವಂತೆ. ಇಲ್ಲ ಎಂದು ಹೇಗೆ ಹೇಳಲಿ? ಪ್ರಮಾಣ ಮಾಡಿದವಳು ನಾನೇ ಅಲ್ಲವೇ? ನಾಲ್ಕಕ್ಕೆ ಎದ್ದು ಹೋದ. ಸೋಮವಾರ ನಾನು ಎಲ್ಲಿಗೂ ಹೋಗಲಿಲ್ಲ.

ಆ ದಿನ ನಾನು ಬೀಚಿನಲ್ಲಿರಲಿಲ್ಲ. ಮನೆಯಲ್ಲಿ ದೋಸೆಗೆ ರುಬ್ಬುತ್ತಿದ್ದೆ. ಸಾಯಂಕಾಲ ಏಳಕ್ಕೆ ಅವನು ಫೋನು ಮಾಡಿ ಅತ್ತ. ಆಮೇಲೆ ಕೇಸು ಬಂದಾಗ, "ಅಮ್ಮ, ನೀನೊಬ್ಬಳು ಇದ್ದೆ ಅಂದ್ರೆ ಸಾಕು" ಎಂದ. ಅಂದೆ. ಬೇರೆಯವರು ಇಂಥ ಕಾಗದ ತಂದಿದ್ದರೆ ಮುಖದ ಮೇಲೆ ಎಸೆಯುತ್ತಿದ್ದವಳು, ಮಗನ ಕಾಗದಕ್ಕೆ ಕಣ್ಣು ಮುಚ್ಚಿ ರುಜು ಹಾಕಿದೆ. ನಿನ್ನನ್ನು ಎಲ್ಲರೂ ತಿರುಗಿ ನೋಡಿದಾಗ ನಾನೂ ನೋಡಿದೆ. ನಿನ್ನ ಮುಖ ಈಗಲೂ ಕಣ್ಣಿಗೆ ಕಟ್ಟಿದೆ.

ಇದನ್ನೇ ಸ್ಟಾಂಪು ಕಾಗದದ ಮೇಲೆ ಬರೆಸಿ, ನೋಟರಿ ಎದುರಿಗೆ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ನಿನ್ನ ವಕೀಲರಿಗೆ ಕೊಡು. ಸುಳ್ಳು ಸಾಕ್ಷಿಗೆ ಏನು ಶಿಕ್ಷೆಯೋ ಆಗಲಿ. ಹತ್ತು ದಿನವೂ ಹೋಗುತ್ತದೆ ಎಂದು ಗೊತ್ತು. ಅದೊಂದೇ ನನಗೆ ಉಳಿದದ್ದು. ವರ್ಷವಿಡೀ ಆ ಹತ್ತು ದಿನಕ್ಕೆ ಕಾಯುತ್ತೇನೆ ಎಂದು ನಿನಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದರೆ ನೀನು ಗೆದ್ದ ಹಾಗಾಗುತ್ತದೆ ಎಂದು ಹೇಳಲಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ.

ಉಷಾ


ಶೋಳಿಂಗನಲ್ಲೂರ್
20 ಜುಲೈ 2025

ಉಷಾ ಅವರಿಗೆ,

ಮೇ ಇಪ್ಪತ್ತೆರಡಕ್ಕೆ ಮೌನಳನ್ನು ನಾನು ಕಳಿಸಲಿಲ್ಲ. ನೀವು ಕೋರ್ಟಿಗೆ ದೂರು ಕೊಡಬಹುದಿತ್ತು, ಕೊಡಲಿಲ್ಲ. ಫೋನೂ ಮಾಡಲಿಲ್ಲ. ಏನಾದರೂ ಬೈದು ಬರೆಯುತ್ತೀರಿ ಎಂದು ದಿನಾ ಅಂಚೆ ಡಬ್ಬಿ ನೋಡುತ್ತಿದ್ದೆ.

ನಿಮ್ಮ ಹೇಳಿಕೆಯನ್ನು ವಕೀಲರಿಗೆ ತೋರಿಸಿದೆ. ಅವರಿಗೆ ಹಬ್ಬ. ನಾಳೆಯೇ ಕೋರ್ಟಿಗೆ ಹಾಕೋಣ ಎಂದರು. ಹಾಕಬೇಡಿ ಎಂದು ವಾಪಸ್ ತಂದಿದ್ದೇನೆ. ಪಾಟಿಯನ್ನು ಕಟಕಟೆಗೆ ಹತ್ತಿಸಿದವರು ಯಾರು ಎಂದು ನಾಳೆ ಮಗಳು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಹಾಗಂತ ಹರಿದೂ ಹಾಕುವುದಿಲ್ಲ. ಬೀರುವಿನಲ್ಲಿರುತ್ತದೆ. ಶ್ರೀಕಾಂತ್ ಇನ್ನೊಂದು ಸಲ ಮಗಳ ವಿಷಯಕ್ಕೆ ಕೋರ್ಟು ಹತ್ತಿದರೆ ಆ ದಿನವೇ ಹೊರಗೆ ತೆಗೆಯುತ್ತೇನೆ. ಆಗ ನಿಮ್ಮ ಮುಖ ನೋಡಿ ಸುಮ್ಮನಿರುವುದಿಲ್ಲ.

ಡಿಸೆಂಬರ್ ರಜೆಗೆ ಮೂರು ಟಿಕೆಟ್ ಮಾಡಿಸಿದ್ದೇನೆ. ಪೋರ್ಟ್ ಬ್ಲೇರಿನಲ್ಲಿ ಇಳಿದು ನೇರ ದೋಣಿಗೆ, ಅಲ್ಲಿಂದ ನೀಲ್. ಭರತ್‌ಪುರ ಬೀಚು, ನಾಲ್ಕು ದಿನ. ನಿಮಗೆ ಬೇರೆ ರೂಮು. ಊಟಕ್ಕೆ ಬೇರೆ ಟೇಬಲ್ಲು. ವಾಂತಿಯ ಮಾತ್ರೆ ನೀವೇ ತಂದುಕೊಳ್ಳಿ. ನನ್ನ ಜೊತೆ ಮಾತು ಬೇಡ, ನಾನೂ ಆಡುವುದಿಲ್ಲ.

ಇದನ್ನು ಕ್ಷಮೆ ಎಂದುಕೊಂಡೀರಿ. ಅಲ್ಲ. ನನಗೆ ಗತಿಯಿಲ್ಲ, ಅದಕ್ಕೆ.

ಏಳು ವರ್ಷದ ಮಗುವಿಗೆ ಬೀಚು ತೋರಿಸದ ತಾಯಿ ಎಂದಿರಿ. ನಾಲ್ಕು ಸಲ ಕರೆದುಕೊಂಡು ಹೋಗಿದ್ದೇನೆ. ನಾಲ್ಕು ಸಲವೂ ಕಾರಿನ ಬಾಗಿಲು ತೆಗೆಯಲಾಗದೆ, ಬೀಚು ಮುಚ್ಚಿದೆ, ಮಳೆ ಬರುತ್ತದೆ ಎಂದು ಏನೇನೋ ಹೇಳಿ ಅವಳನ್ನು ವಾಪಸ್ ತಂದಿದ್ದೇನೆ. ಅಲೆಯ ಸದ್ದು ಕೇಳಿದರೆ ಸಾಕು, ನನ್ನ ಕೈಕಾಲು ಬಿದ್ದುಹೋಗುತ್ತದೆ. ಆ ದ್ವೀಪಗಳ ಹನ್ನೊಂದು ಬೀಚುಗಳ ವಿಡಿಯೊ ಕೂತು ನೋಡಿದ್ದೇನೆ. ಒಂದರಲ್ಲೂ ನಾನು ನೀರಿಗಿಳಿಯಲಾರೆ, ಅದು ಮೊಣಕಾಲುದ್ದವೇ ಇರಲಿ.

ಅವಳ ಕೈ ಹಿಡಿದು ನೀರಿಗಿಳಿಯಲು ಇನ್ನೊಬ್ಬರು ಬೇಕು. ನಮ್ಮ ಅಮ್ಮ, ಆಫೀಸಿನ ಗೆಳತಿಯರು, ಎಲ್ಲರನ್ನೂ ಯೋಚಿಸಿದೆ. ಎಲ್ಲರೂ ಒಳ್ಳೆಯವರೇ. ಆದರೆ ಎರಡು ನಿಮಿಷ ಕೈ ಬಿಟ್ಟಿದ್ದರೂ ಬಿಟ್ಟಿಲ್ಲ ಎಂದುಬಿಡುತ್ತಾರೆ, ನನಗೆ ನೋವಾಗದಿರಲಿ ಎಂದು. ಇನ್ನೊಂದು ಸಲ ಆ ಸುಳ್ಳು ಹೇಳಲಾರದವರು ಈ ಊರಿನಲ್ಲಿ ನೀವೊಬ್ಬರೇ.

ಬಿಗಿಯಾಗಿ ಹಿಡಿದುಕೊಳ್ಳಿ, ಅತ್ತೆ. ನಾನು ಹಿಂದೆ ಮರಳಿನ ಮೇಲೆ ನಿಂತಿರುತ್ತೇನೆ.

ನಿಖಿತಾ